ಕೊಸರಿನ ಪುಸ್ತಕದಾಗ ಗಂಗಿಗೆ ಅಕ್ಷರ ಬಂದದ್ದು

ಸೋಲಾಪುರದಾಗ ಮಾರ್ಷಲ್ ಲಾ ಬಂದು ಹೋದ ಮರುವರ್ಷ, ನನ್ನ ಒಬ್ಬಳೇ ಮಗಳು ಗಂಗಿಗೆ ವಿಪರೀತ ಜ್ವರ ಬಂದವು. ದೊಡ್ಡ ದವಾಖಾನೆಯಲ್ಲಿ ಅಕಿಯ ಕಾಟಿನ ಕೆಳಗೇ ನನ್ನ ಹಾಸಿಗೆ. ಜ್ವರ ಇಳಿದಾಗ ನೋಡಿದರೆ ಎರಡೂ ಕಾಲು ಸೋತಿದ್ದವು. ಡಾಕ್ಟರು, "ಜೀವ ಉಳೀತಲ್ಲ ಬಾಯಿ, ಅದಽ ದೊಡ್ಡದು. ಕಾಲಿನ ಆಶಾ ಬಿಡ್ರಿ" ಅಂದರು. ಕಾಲಿನ ಆಶೆ ಬಿಟ್ಟೆ. ಅಕ್ಷರದ ಆಶೆ ಬಿಡಲಿಕ್ಕೆ ನನ್ನಿಂದ ಆಗಲಿಲ್ಲ.

ಯಾಕಂದರೆ ನಾನು ಖಣ ಮಾರುವಾಕಿ. ಕುಪ್ಪಸದ ಖಣದ ಗಂಟು ತಲೆಯ ಮೇಲೆ ಹೊತ್ತು ವಳಸಂಗ, ಸಲಗರ ಬುದ್ರುಕ ಅಂತ ಊರೂರು ತಿರುಗಿ, ಯಾರ ಹಂಗೂ ಇಲ್ಲದೆ ವಿಜಾಪುರ ರಸ್ತೆಗೆ ಒಂದು ಅಂಗಡಿ ಇಟ್ಟವಳು. ನನಗೆ ಅಕ್ಷರ ಇರಲಿಲ್ಲ, ಕಾಲಿದ್ದವು, ನಡೆಯಿತು. ಗಂಗಿಗೆ ಕಾಲೂ ಇಲ್ಲ ಅಕ್ಷರವೂ ಇಲ್ಲ ಅಂದರೆ, ನಾನು ಕಣ್ಣು ಮುಚ್ಚಿದ ಮೇಲೆ ಅಕಿ ಯಾರ ಒಲೆಯ ಮುಂದೆ ಕುಂತು ರೊಟ್ಟಿಗೆ ಕೈ ಚಾಚಬೇಕು? ಅಂಗಡಿಯ ಗಾದಿಯ ಮೇಲೆ ಕುಂತು ಗಿರಾಕಿ ಮಾಡಬೇಕಾದರೆ ಓದು ಬರಹ ಬರಲೇಬೇಕು. ಸಾಲಿಯ ಮೆಟ್ಟಿಲು ಎತ್ತರ. ಮಾಸ್ತರರು, "ದಿನಾ ಹೊತ್ತು ತರೋರು ಯಾರು, ಹೊತ್ತು ಒಯ್ಯೋರು ಯಾರು?" ಅಂದರು. ಮನೆಯಲ್ಲೇ ಕಲಿಸುವುದು ಅಂತ ನಿಶ್ಚಯ ಮಾಡಿದೆ.

ಮನೆಯಲ್ಲಿ ಕಲಿಸುವುದು ನಮ್ಮ ವಾಡೆಗೆ ಹೊಸದಲ್ಲ. ನನ್ನ ನೆಗೆಣ್ಣಿ ಸರಸಕ್ಕ, ಅಂದರೆ ನಮ್ಮ ಭಾವನ ಹೆಂಡತಿ, ಮರಾಠಿ ಸಾಲಿ ಕಲಿತವಳು. ತನ್ನ ಮಗ, ಸಣ್ಣ ಮಗಳು, ಎರಡೂ ಮಕ್ಕಳಿಗೆ ತಾನೇ ಅಂಗಳದಲ್ಲಿ ಪಾಟಿ ಹಿಡಿಸಿ ಕಲಿಸುತ್ತಿದ್ದಳು. ಮುಂಜಾನೆ ನಾನು ಗಂಟು ಕಟ್ಟುವ ಹೊತ್ತಿಗೆ ಅವರ ಮಗ್ಗಿ ಶುರು. ಪಾವಕಿ, ನಿಮಕಿ, ದೀಡಕಿ, ಅಂದರೆ ಕಾಲು, ಅರ್ಧ, ಒಂದೂವರೆಯ ಮಗ್ಗಿ, ಎಲ್ಲಾ ನೀರು ಕುಡಿದ ಹಾಗೆ. ನಮ್ಮ ಅತ್ತೆಗೆ ಕಣ್ಣು ಮಂಜಾಗಿದ್ದವು, ಕಿವಿ ಮಾತ್ರ ಚುರುಕು. "ಸರಸವ್ವನ ಕೂಸುಗಳು ಭಾಳ ಶ್ಯಾಣ್ಯಾ ಅದಾವ" ಅಂತ ಬಂದವರ ಮುಂದೆಲ್ಲ ಹೇಳುವಳು. ಕೇಳಿದಾಗೆಲ್ಲ ನನ್ನ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಓಡುವ ಕಾಲೂ ಅವಕ್ಕೇ, ಓದುವ ಬಾಯಿಯೂ ಅವಕ್ಕೇ. ದೇವರು ತೂಗುವಾಗ ತಕ್ಕಡಿ ಹಿಡಿದವರು ಯಾರು ಅಂತ ಕೇಳಬೇಕು ಅನಿಸುತ್ತಿತ್ತು.

ಸರಸಕ್ಕ ಕೆಟ್ಟವಳಲ್ಲ. "ಗಂಗೀನೂ ಕರಕೊಂಡು ಬಾ, ಹಿಂದ ಕುಂದ್ರಲಿ" ಅಂದಳು. ಗಂಗಿ ಹಿಂದೆ ಕುಂತಳು. 'ಅ' ಅಕ್ಷರಕ್ಕೆ ಅನನಸ ಅಂತ ಅವರ ಮರಾಠಿ ಪುಸ್ತಕದಾಗ ಚಿತ್ರ. ಗಂಗಿ, "ಅನನಸ ಅಂದ್ರೇನು ದೊಡ್ಡವ್ವಾ?" ಅಂದಳು. ಹುಡುಗರು ಬಿದ್ದು ಬಿದ್ದು ನಕ್ಕರು. ಅನನಸ ಅವೂ ಕಂಡಿರಲಿಲ್ಲ, ಆದರೂ ನಕ್ಕರು. ನಾನು ಗಂಗಿಯನ್ನು ಎತ್ತಿಕೊಂಡು ಒಳಗೆ ಬಂದೆ. ಮತ್ತೆ ಕಳಿಸಲಿಲ್ಲ.

ಅವತ್ತೇ ಪೇಟೆಗೆ ಹೋದೆ. ಸರಸಕ್ಕನ ಮನೆಯಲ್ಲಿ ಎರಡು ಪುಸ್ತಕ ಇದ್ದರೆ ನನ್ನ ಮನೆಯಲ್ಲಿ ಹತ್ತಿರಬೇಕು ಅಂತ ಹಟ. ಹಳೆ ಪುಸ್ತಕದ ಅಂಗಡಿಯಲ್ಲಿ ಮರಾಠಿ ಮೊದಲನೆಯದು, ಎರಡನೆಯದು, ಲೆಕ್ಕಪತ್ರ ಬರೆಯುವ ಮೋಡಿ ಲಿಪಿಯದು, ಮಗ್ಗಿಯದು, ನಕಾಶೆ, ಇಂಗ್ರೇಜಿ ಎಬಿಸಿ ಕೂಡ, ಎಲ್ಲಾ ಒಟ್ಟಿಗೆ ಕೊಂಡೆ. ಚೌಕಾಶಿ ಮುಗಿದ ಮೇಲೆ ಮೇಲೊಂದಿಷ್ಟು ಕೊಸರು ಕೇಳದೆ ಎದ್ದು ಬರುವ ರೂಢಿ ನನಗಿಲ್ಲ. ಅಂಗಡಿಯವನು ಬೇಸತ್ತು, ಮೂಲೆಯಲ್ಲಿ ಬಿದ್ದಿದ್ದ ತೆಳ್ಳನೆ ಕನ್ನಡ ಅಂಕಲಿಪಿಯೊಂದನ್ನು ಗಂಟಿನ ಮೇಲೆ ಒಗೆದ. "ತೊಗೋರಿ ಬಾಯಿ, ಇದೂ ಹೋಗಲಿ. ಸೋಲಾಪುರದಾಗ ಇದನ್ನ ಯಾರೂ ಕೇಳಂಗಿಲ್ಲ." ಗೆದ್ದೆ ಅಂತ ಬಂದೆ.

ಮನೆಗೆ ಬಂದು ಎಲ್ಲವನ್ನೂ ಗಂಗಿಯ ಸುತ್ತ ಹರವಿದೆ. ನನ್ನ ಗಂಡ ಗಿರಣಿಯಿಂದ ಬಂದು ನೋಡಿ, "ಏನಿದು, ಕೂಸಿಗೆ ಕಲಸ್ತಿಯೋ ಅಂಗಡಿ ಇಡ್ತಿಯೋ?" ಅಂದರು. ಗಂಗಿ ಒಂದನ್ನು ತೆರೆದು, ಇನ್ನೊಂದನ್ನು ನೋಡಿ, ಅದನ್ನೂ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಓದಿಸಲಿಕ್ಕೆ ಒಬ್ಬ ಮುದುಕ ಪಂತೋಜಿಯನ್ನು ಗೊತ್ತು ಮಾಡಿದೆ. ಮಳೆಗಾಲ ಪೂರ್ತಿ ಬಂದರು. ಕೊನೆಗೆ ಅವರೇ, "ಬಾಯಿ, ಕಾಲಿನ ಕೂಡ ತಲೀನೂ ಹೋಗಿರಬೇಕು" ಅಂದು ಛತ್ರಿ ತೊಗೊಂಡು ಹೋದರು. ಆ ಮಾತು ಗಂಗಿಗೆ ಕೇಳಿಸಿತ್ತು. ಅವತ್ತು ಅಕಿ ಉಣ್ಣಲಿಲ್ಲ. ಅಂಗಳದಲ್ಲಿ ಸರಸಕ್ಕನ ಮಕ್ಕಳು ಗಟ್ಟಿಯಾಗಿ ಓದುತ್ತಿದ್ದರು. ಬಾಗಿಲು ಧಡ್ ಅಂತ ಹಾಕಿದೆ. ಆದರೂ ಕೇಳಿಸುತ್ತಿತ್ತು.

ಮುಂದಿನ ಗುರುವಾರ ಗಂಗಿಯನ್ನು ಎತ್ತಿಕೊಂಡು, ಪುಸ್ತಕಗಳನ್ನು ಖಣದ ಬಟ್ಟೆಯಲ್ಲೇ ಕಟ್ಟಿಕೊಂಡು ಅಕ್ಕಲಕೋಟದ ಮೋಟಾರು ಹತ್ತಿದೆ. ಅಲ್ಲಿಯ ಗುಡಿಯ ಸ್ವಾಮಿಯ ಪಾದಕ್ಕೆ ಮುಟ್ಟಿಸಿದರೆ ಆ ಪುಸ್ತಕಗಳಿಗೆ ಗುಣ ಬಂದೀತು ಅಂತ ನನ್ನ ಲೆಕ್ಕ. ಆಲದ ಮರದ ಕಟ್ಟೆಯ ಹತ್ತಿರ ಒಬ್ಬಾಕಿ ಹರಕೆ ತೀರಿಸಲಿಕ್ಕೆ ಬಂದಿದ್ದಳು, ಕೂಸನ್ನು ತೊಡೆಯ ಮೇಲೆ ಕುಣಿಸುತ್ತ ಆನಂದದಿಂದ ಅಳುತ್ತಿದ್ದಳು. ಅಕಿಯನ್ನು ನೋಡಿದರೂ ನನಗೆ ಸಂಕಟವೇ ಆಯಿತು. ಒಳಗೆ ಹೋಗಿ ಗಂಟು ಇಟ್ಟು, ಸ್ವಾಮಿಯ ಮುಂದೆ ಇದ್ದದ್ದು ಇದ್ದ ಹಾಗೆ ಆಡಿದೆ.

"ಒಂದಽ ವಾಡೆ, ಒಂದಽ ಅಂಗಳ. ನೆಗೆಣ್ಣಿ ಉಡಿಯಾಗ ಅಷ್ಟ್ಯಾಕ, ನನ್ನ ಉಡಿಯಾಗ ಇಷ್ಟ್ಯಾಕ? ಜಾಸ್ತಿ ಬೇಡೂದಿಲ್ಲ ಸ್ವಾಮಿ. ಸರಸಕ್ಕನ ಮಕ್ಕಳಷ್ಟು ಓದಲಿ, ಸಾಕು. ಓದಿದ್ರ ಸೋಲಾಪುರದಿಂದ ನಡಕೊಂತ ಬರ್ತೀನಿ."

ಪೂಜಾರಿ ಗಂಗಿಯ ಕೈಗೆ ಪೇಢೆ ಪ್ರಸಾದ ಕೊಡಲಿಕ್ಕೆ ಬಂದರು. ಕೈಗೆ ಅಂಟುತ್ತದೆ ಅಂತ ಅಕಿ ಗಂಟಿನೊಳಗಿಂದ ಎಲ್ಲಕ್ಕಿಂತ ತೆಳ್ಳನೆ ಪುಸ್ತಕ ಎಳೆದು, ಅದರ ಮೇಲೆ ಪ್ರಸಾದ ಇಡಿಸಿಕೊಂಡಳು. "ಪುಸ್ತಕದ ಮ್ಯಾಲ ಜಿಗಟು ಹತ್ತತೈತಿ" ಅಂತ ಗದರಿಸಲಿಕ್ಕೆ ಬಾಯಿ ತೆರೆದೆ. ಮತ್ತೆ, ಕೊಸರಿನಾಗ ಬಂದದ್ದೇ ತಾನೆ, ಹೋಗಲಿ ಬಿಡು ಅಂದುಕೊಂಡೆ.

ತಿರುಗಿ ಬರುವಾಗ ಗಂಟನ್ನು ಮೋಟಾರಿನ ಮಾಳಿಗೆಗೆ ಹಾಕಿಸಿದೆ. ವಳಸಂಗದಲ್ಲಿ ಬಹಳ ಮಂದಿ ಇಳಿದರು. ಸೋಲಾಪುರಕ್ಕೆ ಬಂದು ಕೇಳಿದರೆ ಗಂಟಿಲ್ಲ! ಕ್ಲೀನರ್ ಹುಡುಕಿ ಹುಡುಕಿ, "ಯಾರೋ ಖಣದ ಗಂಟಂತ ತಿಳಿದು ಇಳಿಸಿಕೊಂಡು ಹೋಗ್ಯಾರ್ರಿ ಬಾಯಿ" ಅಂದ. ರಸ್ತೆಯಲ್ಲಿ ಕುಂತು ಬಾಯಿ ಬಡಕೊಂಡೆ. ಬೇಡಿಕೊಳ್ಳಲಿಕ್ಕೆ ಹೋದವಳ ಕೈಯಲ್ಲಿದ್ದದ್ದನ್ನೂ ಕಸಿದುಕೊಂಡೆಯಲ್ಲ ಸ್ವಾಮಿ! ಸರಸಕ್ಕನ ಪುಸ್ತಕಕ್ಕೆ ಕಳ್ಳರು ಯಾಕೆ ಬರುವುದಿಲ್ಲ?

ಅಷ್ಟರಲ್ಲಿ ಗಂಗಿ ನನ್ನ ಸೆರಗು ಜಗ್ಗಿದಳು. "ಅವ್ವಾ, ಇದು ಇಲಿ ಹೌದಲ್ಲ? ಹಂಗಾದ್ರ ಇದು 'ಇ'. ಇದು ಆಡು, ಇದು 'ಆ'." ಪ್ರಸಾದ ತಿಂದು ಮುಗಿಸಿ, ಮೋಟಾರಿನ ದಾರಿಯುದ್ದಕ್ಕೂ ತೊಡೆಯ ಮೇಲಿದ್ದ ಆ ಒಂದು ಪುಸ್ತಕವನ್ನೇ ನೋಡುತ್ತ ಬಂದಿದ್ದಳು. ಇಲಿ ಅಕಿ ಕಂಡದ್ದು, ಆಡು ಅಕಿ ಹಾಲು ಕುಡಿದದ್ದು. ಹೆಸರು ಅಕಿಯ ಬಾಯಲ್ಲಿ ಮೊದಲೇ ಇದ್ದವು, ಪುಸ್ತಕದಲ್ಲಿ ಗುರುತು ಸಿಕ್ಕವು. ನನ್ನ ಅಳು ಅಲ್ಲೇ ನಿಂತಿತು.

ಆಗ ನನಗೆ ತಿಳಿಯಿತು. ಖಣ ಮಾರುವವರು ಗಿರಾಕಿಯ ಮುಂದೆ ಇಡೀ ಗಂಟು ಎಂದೂ ಬಿಚ್ಚುವುದಿಲ್ಲ. ಎಲ್ಲಾ ಬಣ್ಣ ಒಮ್ಮೆಗೇ ಕಂಡರೆ ಆಕೆ ಒಂದನ್ನೂ ಕೊಳ್ಳದೆ ಎದ್ದು ಹೋಗುತ್ತಾಳೆ. ಒಂದು ಬಿಚ್ಚಬೇಕು, ಅದರ ಮೇಲೆ ಆಕೆ ಕೈ ಆಡಿಸಬೇಕು, ಮನಸ್ಸು ನಿಂತಮೇಲೆ ಇನ್ನೊಂದು. ಜನ್ಮವೆಲ್ಲ ಇದನ್ನೇ ಮಾಡಿ ಬದುಕಿದವಳು ಮಗಳ ಮುಂದೆ ಮಾತ್ರ ಇಡೀ ಗಂಟು ಬಿಚ್ಚಿ ಕುಂತಿದ್ದೆ. ಸ್ವಾಮಿ ಆ ಗಂಟನ್ನು ತಾನೇ ಕಟ್ಟಿ ಬೇರೆ ಕಡೆ ಕಳಿಸಿದ, ಪ್ರಸಾದ ಇಟ್ಟ ಪುಸ್ತಕವೊಂದನ್ನು ಉಳಿಸಿದ.

ಮನೆಯಲ್ಲಿ ಕೂಸಿಗೆ ಕಲಿಸುವ ತಾಯಂದಿರೇ, ನನ್ನ ಮಾತು ಕೇಳ್ರಿ. ಮಂದಿಯ ಮಕ್ಕಳ ಕೈಯಲ್ಲಿ ಏನಿದೆ ಅಂತ ನೋಡಿ ಪುಸ್ತಕ ಕೊಳ್ಳಬೇಡ್ರಿ. ಒಂದೇ ತರ್ರಿ, ಸಣ್ಣದು ತರ್ರಿ, ಕೂಸು ಕನಸಿನಲ್ಲಿ ಆಡುವ ಮಾತಿನದು ತರ್ರಿ. ಅದು ಹರಿದಮೇಲೆ ಇನ್ನೊಂದು. ನಿಮಗೇ ಓದು ಬರುವುದಿಲ್ಲವೇ? ಕೂಸಿನ ಮುಂದೆ ಕುಂತು "ನನಗೂ ಹೇಳಿಕೊಡು" ಅನ್ರಿ. ನಾನು ಅಂಗಡಿ ಮುಚ್ಚಿ ಬಂದಮೇಲೆ ಗಂಗಿ ನನಗೆ ಪಾಟಿಯ ಮೇಲೆ ತಿದ್ದಿಸುತ್ತಿದ್ದಳು. ನಾನು ತಪ್ಪಿದರೆ ಪಂತೋಜಿಯ ಹಾಗೆ ಕೆಮ್ಮುವಳು. ನನಗೆ ಕಲಿಸುವ ಸಲುವಾಗಿ ತಾನು ಮೊದಲೇ ಕಲಿತು ಇಟ್ಟಿರುವಳು. ಈ ಬರೆಯುತ್ತಿರುವ ಕೈ ನನ್ನದೇ.

ಕನ್ನಡ ಹಿಡಿದಮೇಲೆ ಮರಾಠಿ ತಾನಾಗಿ ಬಂತು. ಅಕಿ ಮೊದಲನೆಯ ಸಲ ಒಂದು ಪುಟ ತಡೆಯದೆ ಓದಿದ ವಾರವೇ ನಾನು ಅಕ್ಕಲಕೋಟಕ್ಕೆ ನಡೆದು ಹೋಗಿ ಬಂದೆ. ಈಗ ಅಂಗಡಿಯ ಗಾದಿ ಅಕಿಯದು.

ಹೋದ ಶ್ರಾವಣದಲ್ಲಿ ಗಂಗಿ ನಮ್ಮ ಅತ್ತೆಗೆ ಶರಣರ ಕನ್ನಡ ಪುರಾಣ ಓದಿ ಹೇಳುತ್ತಿದ್ದಳು. ಮುದುಕಿ ಗೋಡೆಗೆ ಆನಿಕೊಂಡು ಕಣ್ಣೀರು ಒರೆಸಿಕೊಳ್ಳುತ್ತ ಕೇಳುತ್ತಿದ್ದಳು. ಸರಸಕ್ಕ ಬಾಗಿಲಲ್ಲಿ ನಿಂತು ನೋಡಿ, ನನ್ನ ಕೈ ಹಿಡಿದು ಹೊರಗೆ ಕರೆದಳು.

"ಏ ನೀಲಾ, ಖರೇ ಹೇಳ್ತೀನಿ, ನನಗ ಹೊಟ್ಟಿ ಉರೀತದ."

"ಯಾಕ ಅಕ್ಕಾ? ನಿನ್ನ ಮಕ್ಕಳು ದೊಡ್ಡ ಸಾಲಿಗೆ ಹೋಗ್ತಾವಲ್ಲ."

"ಹೋಗ್ತಾವ. ಪಟಾಪಟಾ ಮರಾಠಿ ಓದ್ತಾವ. ಅತ್ತೀಗೆ ತಿಳಿಯೂ ಹಂಗ ಒಂದಕ್ಷರ ಓದಾಕ ಬರೂದಿಲ್ಲ. ಗಂಗಿ ನನ್ನ ಸಣ್ಣ ಮಗಳಿಗೆ ಕನ್ನಡ ಕಲಸ್ತಾಳೇನು ಕೇಳು."

ಸ್ವಾಮಿಯ ಭಕ್ತರೇ, ಸುಳ್ಳು ಯಾಕೆ ಹೇಳಲಿ, ಆ ಮಾತು ಪೇಢೆಗಿಂತ ಸಿಹಿಯಾಗಿತ್ತು. ಎಷ್ಟೋ ವರ್ಷ ಒಬ್ಬಳೇ ಉರಿದವಳಿಗೆ ಜೊತೆ ಸಿಕ್ಕಿತ್ತು. "ನೋಡೋಣಕ್ಕಾ, ಅಂಗಡಿ ಕೆಲಸ ಭಾಳ ಅದ" ಅನ್ನಬೇಕು, ಎರಡು ದಿನ ಓಡಾಡಿಸಬೇಕು ಅಂತಿದ್ದೆ. ಅಷ್ಟರಲ್ಲಿ ಒಳಗಿಂದ ಗಂಗಿಯೇ ಕೂಗಿದಳು, "ದೊಡ್ಡವ್ವಾ, ಅಕಿನ್ನ ಈಗಽ ಕಳಸು. ನನ್ನ ಮುಂದ ಕುಂದ್ರಲಿ, ಹಿಂದ ಬ್ಯಾಡ."

ನಾನು ಬೇಡಿದ್ದು ನೆಗೆಣ್ಣಿಯ ಮಕ್ಕಳಷ್ಟು ಓದು. ಸ್ವಾಮಿ ಕೊಟ್ಟದ್ದು ನನಗಿಂತ ದೊಡ್ಡ ಮನಸ್ಸಿನ ಮಗಳು. ಇಷ್ಟು ಕೊಟ್ಟವನ ಹತ್ತಿರ ಇನ್ನು ಚೌಕಾಶಿ ಮಾಡುವುದಿಲ್ಲ. ಅವನ ಪಾದದ ಮೇಲೆ ನನ್ನ ಹಣೆ.