ಸುನಂದಾ ಹೊಸೆದು ಕೂಡಿಸಿದ ಹಗ್ಗ

ಇಳಕಲ್ಲಿನ ಸುನಂದಾ ಇಪ್ಪತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸುರುಳಿ, ಬಂದಾಗ ಹಳೆಯ ಎಳೆಗೆ ಹೊಸ ಎಳೆ ಕೂಡಿಸುವುದು. ಬೆರಳಿಗೆ ಚೂರು ಬೂದಿ, ಎರಡು ತುದಿ ಸೇರಿಸಿ ಒಂದು ಹೊಸೆತ, ಮುಗಿಯಿತು. ಅಲ್ಲಿ ಗಂಟು ಹಾಕುವಂತಿಲ್ಲ. ಹಾಕಿದರೆ ಬಾಚಣಿಗೆಯಂಥ ಹಣಿಗೆಯ ಸಂದಿಯಲ್ಲಿ ಸಿಕ್ಕಿ ಎಳೆ ಕಡಿಯುತ್ತದೆ, ನೇಕಾರ ಬೈಯುತ್ತಾನೆ.

ಅಂಥವಳು, ಆ ಕೆಲಸ ಕಡಿಮೆಯಾದ ಮೇಲೆ, ನಲವತ್ತೈದರಲ್ಲಿ ಮೊಬೈಲು ನೋಡಿ ಮ್ಯಾಕ್ರಮೆ ಕಲಿತಳು. ಬರೀ ಗಂಟುಗಳಿಂದಲೇ ಕುಂಡ ತೂಗುಹಾಕುವ ಹಗ್ಗದ ಬಲೆ ಹೆಣೆಯುವ ಕಸುಬು. ಅವಳವ್ವ ಗುರುಲಿಂಗವ್ವ ನೋಡಿ ನಕ್ಕಳು. "ಇದೇನ ಹೊಸಾದ ಬಿಡವಾ. ನಾವು ಹಾಲಿನ ಗಡಗಿ ಇಡತಿದ್ದ ನೆಲುವು ಇದು!"

ಶಾಲೆಯ ವಂದನಾ ಟೀಚರು ತಮ್ಮ ಮನೆಯ ಪಡಸಾಲೆಯಲ್ಲೇ ಸುನಂದಾಳ ಕ್ಲಾಸು ಇಡಿಸಿದರು. ನಾಲ್ವರು ಹೆಂಗಸರು ಬಂದರು. ಚಿಕ್ಕವಳು ಸಾಯಿಮಾ, ಹುನಗುಂದದಿಂದ ಹೊಸದಾಗಿ ಮದುವೆಯಾಗಿ ಬಂದವಳು. ಅತ್ತೆಯನ್ನು ಕಾಡಿ ಬೇಡಿ ವಾರಕ್ಕೊಂದು ಮಧ್ಯಾಹ್ನ ಗಿಟ್ಟಿಸಿಕೊಂಡಿದ್ದಳು.

"ನಾಕ ಎಳಿ ತಗೋರಿ. ನಡಕಿನ ಎರಡು ಸುಮ್ನ ನಿಂದರಲಿ, ಬದಿಯ ಎರಡು ಆಡಲಿ. ಒಮ್ಮಿ ಎಡಕ, ಒಮ್ಮಿ ಬಲಕ. ಒಂದ ಕಡೆ ಹಾಕ್ಕೋಂತ ಹೋದ್ರ ತಿರುವಿಕೊಂತೈತಿ ನೋಡ್ರಿ!" ಸುನಂದಾಳ ದನಿ ಕೇಳಬೇಕಿತ್ತು, ಥೇಟ್ ಹೆಡ್‌ಮಾಸ್ತರರದೇ.

ಸಾಯಿಮಾಳ ಒಂದು ಹಗ್ಗ ಗೇಣಷ್ಟು ಸಾಲದೆ ಬಂತು. "ಕೊಡ ಇಲ್ಲೆ" ಎಂದು ಸುನಂದಾ ತುದಿ ಬಿಡಿಸಿದಳು, ಇನ್ನೊಂದು ತುಂಡು ಸೇರಿಸಿ ಹೊಸೆದಳು. ಬೆರಳು ತಾನೇ ಮಾಡಿಬಿಟ್ಟಿತು.

"ಎಲ್ಲಿ ಕೂಡಿಸೀರಿ ಗೊತ್ತಾಗವಲ್ದು!" ಎಂದು ಎಲ್ಲರೂ ಬೆರಗಾದರು. ಸುನಂದಾ ಉಬ್ಬಿಹೋದಳು.

ಮುಂದಿನ ವಾರ ನಾಲ್ಕೂ ಬಲೆಗಳು ಕುಂಡ ಹೊತ್ತು ಸಾಲಾಗಿ ತೂಗಿದವು. ವಂದನಾ ಚೊಂಬಿನಿಂದ ನೀರು ಹಾಕುತ್ತ ಬಂದರು. ಮೂರನೆಯದಕ್ಕೆ ನೀರು ಬಿದ್ದು ಮಣ್ಣು ಭಾರವಾಯಿತೋ ಇಲ್ಲವೋ, ಧಡ್ಡನೆ ಕುಂಡ ನೆಲಕ್ಕೆ.

"ಯಾರ ಕಟ್ಟಿದ್ದಿದು?" ಎಂದರು ವಂದನಾ.

ಸುನಂದಾಳ ಬಾಯಿ ಮನಸ್ಸಿಗಿಂತ ಮುಂದೆ ಓಡಿತು. "ಸಾಯಿಮಾಂದು. ಬಿಗಿ ಎಳಿ ಅಂತ ನೂರ ಸಲ ಹೇಳಿದ್ದೆ."

"ಕೈಯಾಗಿನ ಮೆಹಂದಿ ಇನ್ನಾ ಆರಿಲ್ಲೇನ ಮದಲಗಿತ್ತಿದು?" ಎಂದು ಕಲಿಯಲು ಬಂದಿದ್ದ ವಿಮಲಾಬಾಯಿ ಕೆಣಕಿದರು. ನಗೆ ಹಾರಿತು.

ವಂದನಾ ಮಾತ್ರ ನಗಲಿಲ್ಲ. "ಇವನ್ನ ಸಾಲ್ಯಾಗ ತೂಗಹಾಕೋದೈತಿ, ಕೆಳಗ ಹುಡುಗ್ರು ಓಡ್ಯಾಡತಾವು. ಸಾಯಿಮಾಂದು ಬ್ಯಾಡ ಬಿಡ್ರಿ."

ಸಾಯಿಮಾ ಕುಳಿತು ಚೆಲ್ಲಿದ ಮಣ್ಣು ಬಳಿಯತೊಡಗಿದಳು. ಸುನಂದಾ ಜೋತುಬಿದ್ದ ಬಲೆಯನ್ನು ಕೈಗೆ ತೆಗೆದುಕೊಂಡಳು. ಒಂದೊಂದು ಗಂಟೂ ಕಲ್ಲಿನಂತೆ ಗಟ್ಟಿ. ಬಿಚ್ಚಿಕೊಂಡಿದ್ದು ಒಂದೇ ಜಾಗ, ತಾನು ಹೊಸೆದದ್ದು. ತುದಿಗಳು ನೀಟಾಗಿ ಸರಿದು ಬೇರೆಯಾಗಿದ್ದವು. ಮಗ್ಗದ ಎಳೆಗೆ ಸಾಕಾಗುವ ಹೊಸೆತ ಹಸಿ ಮಣ್ಣಿನ ಕುಂಡಕ್ಕೆಲ್ಲಿ ಸಾಕು?

ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿದಳು. ಮಣ್ಣಿನ ಜೊತೆ ಎಸೆದುಬಿಟ್ಟರೆ ಯಾರಿಗೂ ತಿಳಿಯದು. ಆದರೂ ಬಗ್ಗಿ ಪಿಸುಗುಟ್ಟಿದಳು. "ಇದು ನಿನ್ನ ತಪ್ಪಲ್ಲ."

"ಗೊತ್ತೈತ್ರಿ ಅಕ್ಕಾ." ಸಾಯಿಮಾ ತಲೆ ಎತ್ತಲಿಲ್ಲ.

"ಮತ್ತ ಹೇಳಲಿಲ್ಲ ಯಾಕ?"

"ನೀವು ಕಲಸಾವ್ರು. ಎಲ್ಲಾರ ಮುಂದ ನಿಮಗ ಹೆಂಗ ಅನ್ಲಿ?"

ಆ ಮಾತು ಬಡಿದಂತೆ ಬೈಗುಳವೂ ಬಡಿಯುತ್ತಿರಲಿಲ್ಲ. ತನ್ನ ಅರ್ಧ ವಯಸ್ಸಿನವಳು ತನ್ನ ಮಾನ ಕಾಯುತ್ತ ಮಣ್ಣಲ್ಲಿ ಕುಳಿತಿದ್ದಾಳೆ. ಸುನಂದಾ ಎದ್ದು ನಿಂತು ಮುಷ್ಟಿ ಬಿಚ್ಚಿದಳು.

"ಅಕ್ಕೋರ, ಬಿಚ್ಚಿದ್ದು ನಾ ಕೂಡಿಸಿದ್ದು. ಸಾಯಿಮಾನ ಗಂಟು ಒಂದೂ ಸಡಲಿಲ್ಲ."

"ಹೋಗ್ಲಿ ಬಿಡ್ರಿ, ಒಂದ ಕುಂಡ" ಎಂದರು ವಂದನಾ.

"ಕುಂಡದ್ದಲ್ರಿ. ಆಕಿ ಮ್ಯಾಲೆ ಸುಳ್ಳ ಹಾಕಿದೆ." "ಸಾಲ್ಯಾಗ ಆಕಿ ಕಟ್ಟಿದ್ದ ಮೊದಲ ತೂಗಬೇಕು."

ವಿಮಲಾಬಾಯಿ ಸೆರಗು ಸರಿಮಾಡಿಕೊಂಡರು. ಸಾಯಿಮಾ ಪರವಾಗಿಲ್ಲ ಎನ್ನಲಿಲ್ಲ, ನಗಲೂ ಇಲ್ಲ. ಕೈ ತೊಳೆದು ಬಂದು ಹೊಸ ಹಗ್ಗ ಅಳೆದಳು, ಈ ಸಲ ಎರಡು ಗೇಣು ಹೆಚ್ಚಿಗೆ. ಅವಳು ಕಟ್ಟಿ ಮುಗಿಸುವವರೆಗೂ ಸುನಂದಾ ಎದುರು ಕುಳಿತು ಹಗ್ಗಗಳನ್ನು ಪೋಣಿಸಿದ ಉಂಗುರ ಹಿಡಿದುಕೊಂಡಿದ್ದಳು, ಅವಳ ಮುಖ ನೋಡಲಾಗದೆ.