ಮಳವಳ್ಳಿಯಿಂದ ಉಷಾಳನ್ನು ಕರೆತಂದದ್ದು

ಎಪ್ಪತ್ನಾಲ್ಕರ ಜನವರಿ, ಮೊದಲ ಶುಕ್ರವಾರ. ಒಲೆ ಆರಿಸಿ, ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಬೆಕ್ಕಿಗೆ ಅಂಜಿ ಗುಂಡುಕಲ್ಲನ್ನಿಟ್ಟು, ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಗೆ ಮಂಡ್ಯ ಬಿಟ್ಟೆ. ಮಳವಳ್ಳಿಗೆ ಮಂಡ್ಯದಿಂದ ನೇರ ಬಸ್ಸಿದೆ, ಇಪ್ಪತ್ತು ಮೈಲಿಗೆ ಸ್ವಲ್ಪ ಮಿಕ್ಕ ದಾರಿ. ಆದರೂ ಮದ್ದೂರು ಸುತ್ತಿಕೊಂಡು ಹೊರಟದ್ದು ವಡೆಗಾಗಿ. ನನ್ನ ಮಗಳು ಉಷಾಳಿಗೆ ಏಳು ವರ್ಷ, ಮದ್ದೂರು ವಡೆ ಎಂದರೆ ಪ್ರಾಣ. ಬರಿಗೈಯಲ್ಲಿ ಹೋಗಿ ಅವಳ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ.

ಅವಳ ಕಾನ್ವೆಂಟಿಗೆ ಕ್ರಿಸ್‌ಮಸ್ ರಜಾ ಬಂದಾಗ ಹತ್ತು ದಿನ ಇದ್ದು ಬರಲಿ ಎಂದು ನನ್ನ ನಾದಿನಿ ಸರೋಜಳ ಮನೆಗೆ ಕಳಿಸಿದ್ದೆವು. ಸರೋಜ ಮಳವಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರು, ಇನ್ನೂ ಮದುವೆಯಾಗಿಲ್ಲ. ಅವಳ ಶಾಲೆಗೆ ರಜಾ ಇಲ್ಲದ್ದರಿಂದ ಉಷಾ ದಿನವೂ ಜೊತೆಗೆ ಹೋಗಿ ಅಲ್ಲಿನ ಮಕ್ಕಳ ನಡುವೆ ಕೂರುತ್ತಿದ್ದಳಂತೆ. ಅಲ್ಲಿಂದ ಮೂರು ಕಾರ್ಡು ಬಂದವು. ಎರಡನೆಯದರಲ್ಲಿ ‘ಅತ್ತೆ’ ಎಂಬ ಮಾತು ಒಂಬತ್ತು ಸಲ ಇತ್ತು. ‘ಅಮ್ಮ’ ಇದ್ದದ್ದು ಕಾರ್ಡಿನ ತಲೆಯಲ್ಲಿ ಒಂದೇ ಸಲ, ಅದೂ ಯಾರಿಗೆ ಬರೆದದ್ದು ಎಂದು ತಿಳಿಯಬೇಕಲ್ಲ, ಅದಕ್ಕೆ. ಮೂರನೆಯದರಲ್ಲಿ, ‘ನಾನು ಇಲ್ಲೇ ಓದುತ್ತೇನೆ’ ಎಂದಿತ್ತು.

ನಮ್ಮೆಜಮಾನರು ಓದಿ ನಕ್ಕರು. “ಇರಲಿ ಬಿಡೇ, ಸರೋಜಂಗೂ ಜೊತೆಯಾಗತ್ತೆ. ನೀನೇ ಹೋಗಿ ಮಗೂನ ಕೇಳು. ಬರ್ತೀನಿ ಅಂದ್ರೆ ಕರ್ಕೊಂಡು ಬಾ, ಇರ್ತೀನಿ ಅಂದ್ರೆ ಬಲವಂತ ಮಾಡ್ಬೇಡ.”

ಅವರಿಗೆ ಸುಲಭ. ಹೊಟ್ಟೆಕಿಚ್ಚು ದೊಡ್ಡ ಪಾಪ ಎಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದರು. ಆ ದಿನ ರೈಲಿನ ಮರದ ಬೆಂಚಿನಲ್ಲಿ ಕೂತಾಗ ನನ್ನ ಹೊಟ್ಟೆಯಲ್ಲಿ ಇದ್ದದ್ದು ಅದೊಂದೇ. ಊಟ ಕೂಡ ಸೇರಿರಲಿಲ್ಲ.

ಎದುರಿಗೆ ಶಿವಪುರಕ್ಕೆ ಹೊರಟಿದ್ದ ಮುದುಕಿಯೊಬ್ಬರು ಕುಕ್ಕೆ ತುಂಬ ಅವರೆಕಾಯಿ ಇಟ್ಟುಕೊಂಡು ಕೂತಿದ್ದರು. ಅವರೇ ಮಾತು ತೆಗೆದರು. “ಎಲ್ಗವ್ವ ವೊಂಟೆ, ಒಬ್ಳೇ?”

“ಮಳವಳ್ಳಿಗೆ. ಮಗಳು ಅವರತ್ತೆ ಮನೇಲಿದಾಳೆ, ಕರ್ಕೊಂಡು ಬರೋಕೆ.”

“ಸೋದರತ್ತೆ ಮನೇಲಾ? ಕೆಟ್ಟೆ ಬುಡು! ನನ್ ಮೊಮ್ಮಗ್ಳೂ ಅಂಗೇಯ. ಮೂರು ದಿಸ ಅಂತ ಓದೋಳು ಮೂರು ತಿಂಗ್ಳು ಬರ್ನಿಲ್ಲ. ಕರ್ಯಕ್ಕೋದ್ರೆ ಅಟ್ಟ ಅತ್ತಿ ಕೂತ್ಕಂಡ್ಳು ಕಣವ್ವ.”

“ಆಮೇಲೆ?”

“ಆಮೇಲೇನು, ಅವಳತ್ತೆಗೇ ಒಂದು ಕೂಸಾಯ್ತು. ಇವ್ಳು ತಾನಾಗೇ ಗಂಟು ಕಟ್ಕಂಡು ಬಂದ್ಳು,” ಎಂದು ಅವರು ಬೋಳು ಒಸಡು ಕಾಣುವಂತೆ ನಕ್ಕರು. ನನ್ನ ನಾದಿನಿಗೆ ಇನ್ನೂ ಗಂಡೇ ಗೊತ್ತಾಗಿಲ್ಲ ಎಂದು ನಾನು ಹೇಳಲಿಲ್ಲ.

ಮದ್ದೂರಿನಲ್ಲಿ ನಾಲ್ಕು ವಡೆ ಕಟ್ಟಿಸಿಕೊಂಡು, ಜಟಕಾ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದೆ. ಮಳವಳ್ಳಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಜು ದಾರಿಯುದ್ದಕ್ಕೂ ಗಡಗಡಿಸುತ್ತಿತ್ತು. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತು ನಿಂತು ಹೊರಡುವುದು, ಎಲ್ಲೋ ಆಲೆಮನೆಯಿಂದ ಬಿಸಿಬೆಲ್ಲದ ವಾಸನೆ ಬರುವುದು. ವಡೆಯ ಎಣ್ಣೆ ಕಾಗದ ದಾಟಿ ನನ್ನ ಸೀರೆಗೆ ಇಳಿಯಿತು. ಊರು ಸೇರುವಾಗ ಐದು ಗಂಟೆ ದಾಟಿತ್ತು.

ಉಷಾ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೆಂಕಿಪೊಟ್ಟಣವೊಂದನ್ನು ಕಿವಿಗೆ ಒತ್ತಿಕೊಂಡಿದ್ದಳು. ಅದರಿಂದ ಹೊರಟ ದಾರ ಬಿಗಿಯಾಗಿ ಅಡುಗೆಮನೆಯೊಳಗೆ ಹೋಗಿತ್ತು. “ಉಷಾ!” ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು.

“ಶ್! ಅತ್ತೆ ಮಾತಾಡ್ತಿದಾಳೆ.”

ಹತ್ತು ದಿನದ ಮೇಲೆ ನನ್ನ ಮಗಳು ನನಗೆ ಹೇಳಿದ ಮೊದಲ ಮಾತು ಇದು.

“ಬನ್ನಿ ಅತ್ತಿಗೆ, ಕಾಲು ತೊಳ್ಕೊಳ್ಳಿ,” ಎಂದು ಸರೋಜ ಇನ್ನೊಂದು ಪೊಟ್ಟಣ ಹಿಡಿದೇ ಹೊರಗೆ ಬಂದಳು. ಹಿಟ್ಟಿನ ಕೈ, ಕೆದರಿದ ಕೂದಲು, ಆದರೂ ಮುಖದ ತುಂಬ ಕಳೆ. ವಡೆಯ ಪೊಟ್ಟಣ ಬಿಚ್ಚಿದೆ. ಉಷಾ ಮೂಸಿ ನೋಡಿ, “ಈಗ ಬೇಡಮ್ಮ. ಅತ್ತೆ ಅಕ್ಕಿರೊಟ್ಟಿ ಮಾಡಿದ್ಲು, ಹೊಟ್ಟೆ ಬಿರೀತಿದೆ,” ಎಂದಳು.

ಕರೆದುಕೊಂಡು ಹೋಗುವ ಮಾತನ್ನು ಸರೋಜಳೇ ಎತ್ತಿದಳು. “ನಾಳೆ ಬೆಳಗಿನ ಶಾಲೆ ಅತ್ತಿಗೆ. ಸದ್ದಿನ ಪಾಠ ಇದೆ, ನೀವೂ ಬನ್ನಿ. ಮುಗಿದ ಮೇಲೆ ಅವಳನ್ನೇ ಕೇಳೋಣ.” ಇಷ್ಟು ಧೈರ್ಯವಾಗಿ ಹೇಳುತ್ತಾಳಲ್ಲ, ಮಗು ಏನೆನ್ನುವುದೋ ಇವಳಿಗೆ ಮೊದಲೇ ಗೊತ್ತಿರಬೇಕು ಅನ್ನಿಸಿತು.

ಶನಿವಾರ ಬೆಳಗ್ಗೆ ಚಳಿ ಹೆಚ್ಚು. ಹೆಂಚಿನ ಶಾಲೆ, ಮುಂದೆ ಹೊಂಗೆಮರ, ಅದರ ಕೊಂಬೆಗೆ ಗಂಟೆಯ ಬದಲು ರೈಲುಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಸುಮಾರು ನಲವತ್ತು ಮಕ್ಕಳು ನೆಲದ ಮೇಲೆ ಕೂತಿದ್ದವು. ಸರೋಜ ಪುಸ್ತಕ ತೆಗೆಯಲೇ ಇಲ್ಲ.

“ಎಲ್ಲಾರೂ ಗಂಟಲ ಮೇಲೆ ಕೈ ಇಡಿ. ಬಾಯಿ ಮುಚ್ಚಿ ‘ಊಂ’ ಅನ್ನಿ. ಏನ್ ಗೊತ್ತಾಯ್ತು?”

“ಒಳ್ಗೆ ದುಂಬಿ ಐತೆ ಟೀಚರ್!”

“ದುಂಬಿ ಅಲ್ಲ ಕಣ್ಲಾ, ನಂದ್ರಲ್ಲಿ ಮಿಲ್ಲೇ ಓಡ್ತಾ ಐತೆ!”

ಆಮೇಲೆ ಮಡಕೆಯ ಬಾಯಿಗೆ ಬಿಗಿಯಾಗಿ ಕಾಗದ ಕಟ್ಟಿ ಮೇಲೆ ನಾಲ್ಕು ಕಾಳು ರಾಗಿ ಹಾಕಿದಳು. ಪಕ್ಕದಲ್ಲಿ ತಗಡು ಬಡಿದರೆ, ಮಡಕೆಯನ್ನು ಯಾರೂ ಮುಟ್ಟದಿದ್ದರೂ ರಾಗಿ ಕುಣಿಯಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡಿದವು. ನನ್ನ ಉಷಾ ಎಲ್ಲರಿಗಿಂತ ಮುಂದೆ, ಅತ್ತೆಯ ಸೆರಗು ಹಿಡಿದು.

ಇದೆಲ್ಲ ನನಗೆ ತಿಳಿಯದ್ದೇ? ಇದೇ ಪಾಠವನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿ ಸಿಸ್ಟರ್ ಕೈಯಿಂದ ಮೇರಿಮಾತೆಯ ಚಿತ್ರ ಬಹುಮಾನ ಪಡೆದವಳು ನಾನು. ನನ್ನ ಮುಖದಲ್ಲಿ ಏನು ಕಂಡಿತೋ, ಸರೋಜ ಸೀಮೆಸುಣ್ಣ ಚಾಚಿದಳು. “ನಮ್ಮತ್ತಿಗೆ ಕಾನ್ವೆಂಟಲ್ಲಿ ಓದಿದವರು. ಈಗ ಅವರು ಹೇಳಿಕೊಡ್ತಾರೆ.”

ಹಲಗೆಯ ಮೇಲೆ ದುಂಡಾಗಿ ಬರೆದೆ: ‘ವಸ್ತುಗಳ ಕಂಪನದಿಂದ ಶಬ್ದವು ಉತ್ಪತ್ತಿಯಾಗುತ್ತದೆ.’ ಮಕ್ಕಳು ರಾಗವಾಗಿ ಹೇಳಿದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, “ಅಂಗಂದ್ರೆ ಏನವ್ವ?”

“ಅಂದ್ರೆ... ಕಂಪನ ಆದಾಗ ಶಬ್ದ ಬರತ್ತೆ.”

“ಕಂಪನ ಅಂದ್ರೆ?”

ನಾನು ಹಲಗೆಯ ಕಡೆ ತಿರುಗಿ ನೋಡಿದೆ. ಅಲ್ಲಿ ನಾನು ಬರೆದದ್ದೇ ಇತ್ತು. ಉಷಾ ತಲೆ ತಗ್ಗಿಸಿ ನೆಲ ಗೀರುತ್ತಿದ್ದಳು. ಸರೋಜ ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

“ಬನ್ನಿ, ಗಂಟೆ ಮುಟ್ಟೋಣ,” ಎಂದು ಅವಳು ಮಕ್ಕಳನ್ನು ಹೊರಗೆ ಕರೆದಳು. ಕಂಬಿಗೆ ಒಂದೇಟು ಹಾಕುವುದು, ಒಂದು ಮಗು ಮೆಲ್ಲಗೆ ಬೆರಳು ತಾಗಿಸಿ ‘ಜುಂ ಅಂತದೆ’ ಎಂದು ಕಿರುಚಿ ಓಡುವುದು, ಹೀಗೆ ಸಾಲಾಗಿ ನಡೆಯಿತು. ಎಲ್ಲರದೂ ಆದ ಮೇಲೆ ಜೋರಾಗಿ ಬಡಿದು ಕೇಳಿದಳು: “ಈ ಸದ್ದು ನಿಲ್ಲಬೇಕು ಅಂದ್ರೆ ಏನ್ ಮಾಡ್ಬೇಕು?”

“ಕಿವಿ ಮುಚ್ಕಬೇಕು!”

“ಮನೇಗೆ ಓಡೋಗ್ಬೇಕು!”

“ಗಟ್ಟಿಯಾಗಿ ಹಿಡ್ಕೋಬೇಕು,” ಅಂದದ್ದು ಉಷಾ. “ನಮ್ಮನೇಲಿ ಅಮ್ಮ ಹಂಗೇ ಮಾಡ್ತಾಳೆ. ಸಕ್ಕರೆ ಫ್ಯಾಕ್ಟರಿ ಸೈರನ್ ಕೂಗಿದಾಗ ನಾಗೊಂದಿಗೆ ಮೇಲೆ ಗೋಡೆಗೆ ಒರಗಿಸಿಟ್ಟಿರೋ ಹಿತ್ತಾಳೆ ಹರಿವಾಣ ಗುಂಯ್ ಅನ್ನತ್ತೆ. ಯಾರೂ ಬಡಿಯೋದೇ ಇಲ್ಲ. ಅಮ್ಮ ಒಂದು ಬೆರಳಿಟ್ರೆ ಸುಮ್ನಾಗತ್ತೆ. ತೆಗೆದ್ರೆ ಮತ್ತೆ ಗುಂಯ್. ಆಮೇಲೆ ಅಮ್ಮ ಹಳೇ ಸೀರೆ ಚೂರು ಮಡಿಸಿ ಹಿಂದಕ್ಕೆ ಸಿಕ್ಕಿಸಿದ್ಲು.”

ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಮನೆಗೆ ಸೈರನ್ ಚೆನ್ನಾಗಿ ಕೇಳುತ್ತದೆ. ಹರಿವಾಣದ ಗಲಾಟೆ ತಡೆಯಲಾರದೆ ಬೆರಳಿಟ್ಟದ್ದು ನಿಜ. ಮಗು ಅದನ್ನು ನೋಡಿಕೊಂಡಿತ್ತು ಎಂದು ಮಾತ್ರ ತಿಳಿದಿರಲಿಲ್ಲ. ಸರೋಜ ಮತ್ತೆ ಬಡಿದಳು. ಉಷಾ ಎರಡೂ ಕೈಯಲ್ಲಿ ಕಂಬಿಯನ್ನು ತಬ್ಬಿದಳು. ಸದ್ದು ತಟ್ಟನೆ ನಿಂತಿತು.

“ಹತ್ತು ದಿನದಿಂದ ನನ್ನ ಜೊತೇಲಿದಾಳೆ ಅತ್ತಿಗೆ, ನಂಗೆ ಇದನ್ನ ಹೇಳೇ ಇಲ್ಲ ನೋಡಿ,” ಎಂದಳು ಸರೋಜ. ಆ ದನಿಯ ಗುರುತು ನನಗೆ ಚೆನ್ನಾಗಿತ್ತು. ಹತ್ತು ದಿನದಿಂದ ನಾನು ಅದೇ ದನಿಯಲ್ಲಿ ನಮ್ಮೆಜಮಾನರ ತಲೆ ತಿಂದಿದ್ದೆ.

ನಾವು ಕೇಳುವ ಮೊದಲೇ ಉಷಾ ನನ್ನ ಕೈ ಜಗ್ಗಿದಳು. “ಅಮ್ಮಾ, ಬಸ್ಸು ಎಷ್ಟೊತ್ತಿಗೆ? ಸಾಯಂಕಾಲ ಸೈರನ್ ಕೂಗೋದ್ರೊಳಗೆ ಹೋಗ್ಬೇಕು. ಹರಿವಾಣದ ಮೇಲೆ ರಾಗಿ ಹಾಕಿ ನೋಡ್ಬೇಕು.”

ಅವಳು ಹೊರಟದ್ದು ನನಗಾಗಿಯೋ ಹರಿವಾಣಕ್ಕಾಗಿಯೋ, ನಾನು ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಸರೋಜ ಒಂದು ಹಿಡಿ ರಾಗಿಯ ಪೊಟ್ಟಣ, ತನ್ನ ವಿಳಾಸ ಬರೆದ ಇನ್‌ಲ್ಯಾಂಡ್ ಕಾಗದ ಎರಡನ್ನೂ ಉಷಾಳ ಕೈಗಿತ್ತಳು. “ಕುಣೀತೋ ಇಲ್ವೋ, ಮರೀದೆ ಬರಿ ಪುಟ್ಟೀ.” ನೇರ ಬಸ್ಸು ಹೊರಟರೂ ಕಿಟಕಿಯ ಕಂಬಿ ಹಿಡಿದು ಎರಡು ಹೆಜ್ಜೆ ಬಂದಳು. ದಾರಿಯಲ್ಲಿ ಉಷಾ ನಿನ್ನೆಯ ವಡೆ ಎರಡು ತಿಂದಳು. ಗಡಗಡಿಸುವ ಗಾಜಿಗೆ ಎಣ್ಣೆಬೆರಳು ಒತ್ತುವುದು, ಬಿಡುವುದು, ಮಂಡ್ಯದವರೆಗೂ ಅದೇ ಆಟ.

ಮನೆಗೆ ಬಂದವಳೇ ಸೀರೆ ಚೂರು ಕಿತ್ತೆ. ಹರಿವಾಣವನ್ನು ನಾಗೊಂದಿಗೆಯ ಮೇಲೇ ಬೋರಲು ಮಲಗಿಸಿ, ರಾಗಿ ಹಾಕಿ ಇಬ್ಬರೂ ಕಾದೆವು. ಸೈರನ್ ಶುರುವಾದಾಗ ಏನೂ ಆಗಲಿಲ್ಲ. ಕೂಗು ಏರುತ್ತ ಒಂದು ಮಟ್ಟಕ್ಕೆ ಬಂದದ್ದೇ ಹರಿವಾಣ ಗುಂಯ್ ಎಂದಿತು, ರಾಗಿ ಚಡಪಡಿಸಿ ಸರಿಯತೊಡಗಿತು. “ಅಮ್ಮಾ, ಈಗ ನೀನು!” ಬೆರಳಿಟ್ಟೆ. ಎಲ್ಲ ನಿಂತಿತು.

“ಅತ್ತೆ ನೋಡ್ಬೇಕಿತ್ತು!” ಎಂದಳು ನನ್ನ ಮಗಳು.

ಕಾಗದವನ್ನು ಆಗಲೇ ಕೂತು ಬರೆದಳು. ‘ಅಮ್ಮ’ ಏಳು ಸಲ ಇತ್ತು. ಅಂಚೆಗೆ ಹಾಕುವ ಕೆಲಸ ನನ್ನದು. ನಾಳೆ ಹಾಕಿದರಾಯಿತೆಂದು ಮಡಿಸಿ, ಹರಿವಾಣವನ್ನು ಮತ್ತೆ ಗೋಡೆಗೆ ಒರಗಿಸಿ, ಅದರ ಹಿಂದೆ ಸೀರೆ ಚೂರಿದ್ದ ಜಾಗದಲ್ಲೇ ಸಿಕ್ಕಿಸಿದೆ. ಅಲ್ಲೇ ನಾಲ್ಕು ದಿನ ಇತ್ತು. ಮರೆತೆ ಎಂದು ಬರೆಯಬಹುದು, ಆದರೆ ಮರೆತಿರಲಿಲ್ಲ. ಐದನೆಯ ದಿನ ಸೈರನ್ ಕೂಗಿ ಮುಗಿದ ಮೇಲೆ ಉಷಾ ನಾಗೊಂದಿಗೆಯತ್ತ ನೋಡುತ್ತ ಕೇಳಿದಳು, “ಅಮ್ಮಾ, ಹರಿವಾಣ ಯಾಕೆ ಸುಮ್ನಿದೆ?”

ಕಾಗದ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. ಅಂಚೆಡಬ್ಬ ಬೀದಿಯ ಕೊನೆಯಲ್ಲೇ ಇತ್ತು.