ಚಕ್ಕೆ ಹಾರಿದ ಗಿಟಾರು

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ತಂಬೂರಿ ಮಾಡುವ ಬಡಿಗೇರರೊಬ್ಬರಿದ್ದರು. ಅರವತ್ತರ ದಶಕದ ಆರಂಭದಲ್ಲಿ, ಸಾಲಿ ಮಾಸ್ತರನಾಗಿದ್ದ ನನಗೆ ಗಿಟಾರಿನ ಹುಚ್ಚು ಹಿಡಿದಾಗ, ಚಿತ್ರ ನೋಡಿಯೇ ಒಂದನ್ನು ಮಾಡಿಕೊಡಲು ಒಪ್ಪಿದರು.

ತಂತಿ ಸುತ್ತುವ ಗೂಟಗಳಿಗಾಗಿ ಗಿಟಾರಿನ ತಲೆಯಲ್ಲಿ ಎರಡು ಉದ್ದನೆಯ ಕಂಡಿ ಕೊರೆಯಬೇಕು. ಅವರು ಅರ್ಧದವರೆಗೆ ಉಳಿ ಇಳಿಸಿ, ಮರವನ್ನು ತಿರುವಿ ಹಾಕಿ, ಉಳಿದದ್ದನ್ನು ಹಿಂದಿನಿಂದ ಕಡಿಯುವರು. ಒಂದೇ ಕಡೆಯಿಂದ ಹೊಡೆದರೆ ಆಚೆಬದಿಯಲ್ಲಿ ಚಕ್ಕೆ ಹಾರುತ್ತದೆ. “ಅರ್ಧ ಈ ಕಡಿಂದ, ಅರ್ಧ ಆ ಕಡಿಂದ,” ಎಂದು ತೊಡೆ ತಟ್ಟಿ ಹೇಳುವರು.

ಅಪ್ಪನ ಉಳಿಗಳನ್ನು ಹಂಚಿಕೊಳ್ಳುವಾಗ ಮುನಿದು ಬಬಲೇಶ್ವರಕ್ಕೆ ಹೋಗಿದ್ದ ಅಣ್ಣನೊಂದಿಗೆ ಅವರಿಗೆ ಮಾತಿರಲಿಲ್ಲ. ಒಮ್ಮೆ ಹೋಗಿಬನ್ನಿ ಎಂದರೆ ಅದೇ ಉತ್ತರ: “ಅರ್ಧ ದಾರಿ ಅಂವಾ ಬರ್ಲಿ, ಅರ್ಧ ನಾ ಹೊಕ್ಕೀನಿ.”

ಎರಡನೆಯ ಕಂಡಿ ಕಡಿಯುತ್ತಿದ್ದ ದಿನ ನಾನು ಅಲ್ಲಿಯೇ ಕೂತಿದ್ದೆ. ಅವರ ಹೆಂಡತಿ ನೀರಿನ ಕೊಡ ಹೊತ್ತು ಬಂದವರೇ, “ನಿಮ್ಮ ಅಣ್ಣಗ ಲಕ್ವಾ ಹೊಡದೈತಂತ್ರಿ. ಬಸ್ಸಿಳಿದವರು ಹೇಳಿದ್ರು,” ಎಂದರು.

ಅವರು ತಲೆಯೆತ್ತಲಿಲ್ಲ. ಮರವನ್ನೂ ತಿರುವಲಿಲ್ಲ. ಉಳಿಯ ಮೇಲೆ ಕೊಡತಿ ಬೀಳುತ್ತಲೇ ಇತ್ತು. ಉಳಿ ಚಕ್ಕೆ ಹಾರಿಸಿಕೊಂಡು ಆಚೆಬದಿಗೆ ಹೊರಬಂತು. ಹೆಗಲ ಮೇಲಿನ ಪುಡಿಯನ್ನೂ ಕೊಡವದೆ ಬಸ್ ಸ್ಟ್ಯಾಂಡಿನತ್ತ ನಡೆದುಬಿಟ್ಟರು.

ಕೆಲ ದಿನಗಳ ಮೇಲೆ ಗಿಟಾರು ಕೈಗೆ ಬಂತು. ತಲೆಯ ಹಿಂಬದಿಯಲ್ಲಿ ಆ ಗಾಯ ಹಾಗೆಯೇ ಇತ್ತು. “ಇಲ್ಲೊಂದು ತುಂಡು ಕೂಡಸ್ತೀರೇನ್ರಿ?” ಎಂದೆ.

ಅವರು ಅದರ ಮೇಲೆ ಹೆಬ್ಬೆರಳಾಡಿಸಿದರು.

“ಇರ್ಲಿ ಬಿಡ್ರಿ, ಮಾಸ್ತರ. ಅವತ್ತ ಪೂರಾ ನಾನ ಹೋದ್ನಿ.”